ಹಿಂದಿನ ಗಾಲಿಗೆ ಡಿಸ್ಕ್ ಬ್ರೇಕ್

ಓಡುವ ಕಾರನ್ನು ಹೊಗಳುವವರು ಊರ ತುಂಬ ಸಿಗುತ್ತಾರೆ. ನಿಲ್ಲುವ ಕಾರನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಮಾವನವರು ಬಿಟ್ಟುಹೋದ ದುಂಡುಮೋರೆಯ ಹಳೆಯ ಕಾರು ಕೈಗೆ ಬಂದಾಗ ನಾನೂ ಅದರ ಓಟವನ್ನಷ್ಟೇ ನೋಡಿದ್ದೆ. ಮುಂದಿನ ಗಾಲಿಗಳಿಗೆ ಅವರೇ ಡಿಸ್ಕ್ ಬ್ರೇಕ್ ಹಾಕಿಸಿದ್ದರು; ಹಿಂದಿನವಕ್ಕೆ ಮಾತ್ರ ಹಳೆಯ ಡ್ರಮ್ ಬ್ರೇಕುಗಳೇ. ಒಂದು ದಿನ ಇರಕಲ್ಲಗಡದ ಹಾದಿಯಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರು ಯೋಚಿಸುತ್ತ ಯೋಚಿಸುತ್ತ ಮುಂದೆ ಹೋಗಿ, ಹಿರಿಯ ಟಗರಿನ ಮೂಗಿಗೆ ಬಂಪರ್ ತಾಗಿಸಿ ನಿಂತಿತು. ಟಗರು ಕದಲಲಿಲ್ಲ. ಕುರಿ ಕಾಯುವವನು ಮಾತ್ರ, “ನಿಮ್ಮ ಗಾಡಿ ನಿಂದ್ರಬೇಕಂದ್ರ ನಿನ್ನೆನ ಹೇಳಿರಬೇಕೇನ್ರಿ?” ಎಂದ.

ನಾನು ಕೊಪ್ಪಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆ ಮಾತು ತಾಗಿತು. ಮೊಬೈಲಿನಲ್ಲಿ ಹತ್ತಾರು ವೀಡಿಯೊ ನೋಡಿ, ಹಿಂದಿನ ಗಾಲಿಗೂ ಡಿಸ್ಕಿನ ಸಾಮಾನು ತರಿಸಿ, ಗಂಗಾವತಿಯ ಮೆಕ್ಯಾನಿಕ್ ಖಾದರಸಾಬರ ಮುಂದಿಟ್ಟೆ. ಡಿಸ್ಕೆಂದರೆ ಕಬ್ಬಿಣದ ತಟ್ಟೆ. ಕ್ಯಾಲಿಪರ್ ಅದನ್ನು ಎರಡೂ ಕಡೆಯಿಂದ, ನಾವು ಹುಡುಗರ ಕಿವಿ ಹಿಡಿದಂತೆ, ಹಿಡಿಯುತ್ತದೆ. ಸಾಬರು ತಿರುಗಿಸಿ ತಿರುಗಿಸಿ ನೋಡಿದರು.

“ಹ್ಯಾಂಡ್‌ಬ್ರೇಕ್ ಡ್ರಮ್ಮಿನಾಗ ಐತ್ರಿ ಮಾಸ್ತರ. ಡ್ರಮ್ ತಗದ್ರ ಅದೂ ಹೋತು. ನೀವು ತಂದಿದ್ದಕ್ಕ ಕೇಬಲ್ ಹಚ್ಚಾಕ ಜಾಗಾನ ಇಲ್ಲ.”

“ನಾ ಹ್ಯಾಂಡ್‌ಬ್ರೇಕ್ ಯಾವಾಗ ಎಳದೀನ್ರಿ? ಗೇರಿನಾಗ ಹಾಕಿ ನಿಲ್ಲಸ್ತೀನಿ,” ಎಂದೆ.

ಸಾಬರು ಪಾನಾ ಕೈಗೆತ್ತಿಕೊಂಡರು. ಎರಡು ದಿನದಲ್ಲಿ ಕೆಲಸ ಮುಗಿಯಿತು.

ಮೊದಲ ಸವಾರಿಗೆ ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆನೆಗೊಂದಿಗೆ ಹೊರಟೆ. ಬ್ರೇಕಿನ ಗುಣ ತೋರಿಸಲು ದಾರಿಯಲ್ಲಿ ನಾಲ್ಕು ಸಲ ಸುಮ್ಮಸುಮ್ಮನೆ ಒತ್ತಿದೆ. ಅವರ ಮಡಿಲಲ್ಲಿದ್ದ ಚುರುಮುರಿ ನಾಲ್ಕು ಸಲವೂ ನನ್ನ ಅಂಗಿಯ ಕೊರಳೊಳಗೆ ಬಿತ್ತು. ಆನೆಗೊಂದಿಯ ಇಳಿಜಾರಿನಲ್ಲಿ, ಬಾಳೆತೋಟದ ಪಕ್ಕ ಕಾರು ನಿಲ್ಲಿಸಿ ಇಳಿದು, ಸಂತೋಷ ತಡೆಯಲಾರದೆ ಸಾಬರಿಗೆ ಫೋನು ಮಾಡಿದೆ. ಹೊಗಳಿಕೆಯನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು: “ಗೇರಿನಾಗ ಹಾಕೀರೇನ್ರಿ ಮಾಸ್ತರ?”

ತಿರುಗಿ ನೋಡಿದೆ. ಕಾರು ಹೊರಟಿತ್ತು.

ಅವಸರವಿಲ್ಲದೆ, ಮೆರವಣಿಗೆಯ ಗತ್ತಿನಲ್ಲಿ ಹೊರಟಿತ್ತು. ಓಡಿದೆ, ಚಪ್ಪಲಿ ಒಂದು ಕಡೆ, ಫೋನು ಒಂದು ಕಡೆ. ಪಕ್ಕಕ್ಕೆ ಬಂದು ಬಾಗಿಲ ಹಿಡಿಕೆ ಹಿಡಿಯುವಷ್ಟರಲ್ಲಿ ಅತ್ತೆಯವರು ಕಿಟಕಿಯಿಂದ ತಲೆ ಹಾಕಿ, “ಅಳಿಯಂದ್ರ, ನೀವು ಹೊರಗ ಅದೀರಿ! ಮತ್ತ ಗಾಡಿ ಯಾರು ಹೊಡ್ಯಾಕತ್ತಾರ?” ಎಂದು ಕೇಳಿದರು. ಕಾರು ತೋಟದೊಳಗೆ ನುಗ್ಗಿ, ಎರಡು ಬಾಳೆಗಿಡ ಉರುಳಿಸಿ, ಕೆಸರಿನಲ್ಲಿ ತಾನಾಗಿ ಕೂತಿತು. ಕೆಸರಿಗಿಳಿದು ಬಾಗಿಲು ತೆಗೆದೆ. ಅತ್ತೆಯವರಿಗೆ ಒಂದು ಗೀರೂ ಆಗಿರಲಿಲ್ಲ. ತೋಟದವರು ಬೈದು ದಣಿದ ಮೇಲೆ ಟ್ರ್ಯಾಕ್ಟರ್ ಕಟ್ಟಿ ಎಳೆದುಕೊಟ್ಟರು.

ಮರುದಿನವೇ ಸಾಬರು ಹ್ಯಾಂಡ್‌ಬ್ರೇಕಿನ ಕೇಬಲ್ ಹಿಡಿಯುವ ಬೇರೆ ಕ್ಯಾಲಿಪರ್ ಹಾಕಿದರು. ಈಗ ಕಾರು ಗುಡ್ಡದ ಮೇಲೆ ನಿಲ್ಲಿಸಿದರೂ ಕದಲುವುದಿಲ್ಲ. ಆದರೆ ಅತ್ತೆಯವರು ನಂಬಬೇಕಲ್ಲ! ಎಲ್ಲಿ ಹೋದರೂ ತಾವು ಮೊದಲು ಇಳಿದು, “ನೀವು ಬ್ರೇಕ್ ಒತ್ತಿಕೊಂಡು ಒಳಗ ಕೂಡ್ರಿ,” ಎನ್ನುತ್ತಾರೆ. ಕಳೆದ ವಾರ ಯಲಬುರ್ಗಾದ ಮದುವೆಯಲ್ಲಿ ಹೋಳಿಗೆ ಊಟ ಕಾರಿನೊಳಗೇ ಬಂತು. ಪಕ್ಕದ ಬಾಡಿಗೆ ಗಾಡಿಯ ಡ್ರೈವರು ನನ್ನ ತಟ್ಟೆಯನ್ನೇ ನೋಡುತ್ತ, “ನಮ್ಮ ಮಾಲಕರು ಚಾ ಸೈತ ಕಳಸೂದಿಲ್ರಿ. ನಿಮ್ಮ ಮಾಲಕರು ಭಾಳ ಛಲೋ ಅದಾರ,” ಎಂದ.

ಹೌದೆಂದೆ. ಬಾಯಿತುಂಬ ಹೋಳಿಗೆಯಿತ್ತು.