ವಿಷ ಹಾಕುವ ಮುಖ

ನನ್ನ ಮುಖ ನೋಡಿದವರಿಗೆ ನಾನು ಒಳ್ಳೆಯವನು ಎಂಬ ನಂಬಿಕೆ ಹುಟ್ಟಲು ಬಹಳ ಕಾಲ ಹಿಡಿಯುತ್ತದೆ. ಕಟ್ಟಿಕೊಂಡ ಹೆಂಡತಿಗೇ ಎರಡು ವರ್ಷ ಬೇಕಾಯಿತಂತೆ. ನನ್ನ ಹುಬ್ಬುಗಳೆರಡೂ ಮೂಗಿನ ಮೇಲೆ ಬಂದು ಒಂದಾಗಿಬಿಟ್ಟಿವೆ. ಎಡಹುಬ್ಬಿನ ಮೇಲೊಂದು ಗಾಯದ ಗೆರೆಯಿದೆ. ಚಿಕ್ಕಂದಿನಲ್ಲಿ ಶ್ರೀನಿವಾಸಪುರದ ಸೋದರಮಾವನ ತೋಟದಲ್ಲಿ ಮಾವಿನ ಮರದಿಂದ ಬಿದ್ದದ್ದು, ಆದರೆ ನೋಡಿದವರು ಯಾರೂ ಅದನ್ನು ಮಾವಿನ ಮರದ ಗಾಯ ಎಂದುಕೊಳ್ಳುವುದಿಲ್ಲ. ಕಣ್ಣು ಸದಾ ಕೆಂಪು. ಕಾಫಿಗಿಂತ ಗಟ್ಟಿಯಾದದ್ದನ್ನು ನಾನು ಕುಡಿದವನಲ್ಲ. ಇನ್ನು ದನಿಯೋ, ಟ್ರ್ಯಾಕ್ಟರಿನಿಂದ ಜಲ್ಲಿ ಸುರಿದ ಹಾಗೆ. ಕೋಲಾರದಲ್ಲಿ ಬಸ್ಸು ಹತ್ತಿ ಕುಳಿತರೆ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ. ಅಪ್ಪ ಅಮ್ಮ ಮುನಿರಾಜು ಎಂದು ಹೆಸರಿಟ್ಟರು. ಋಷಿ ಎಂಬ ಅರ್ಥದಲ್ಲೇ ಇಟ್ಟಿರಬೇಕು. ಲೋಕ ಮಾತ್ರ ಮುನಿಸಿನ ಅರ್ಥದಲ್ಲೇ ತೆಗೆದುಕೊಂಡಿತು. ಹೋಳೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿರುವುದರಿಂದ ಈ ಮುಖ ಅನ್ನಕ್ಕೆ ತೊಂದರೆ ಮಾಡಿಲ್ಲ. ನಾನು ತರಗತಿಯೊಳಗೆ ಕಾಲಿಟ್ಟರೆ ಸಾಕು, ಸದ್ದು ಅಡಗುತ್ತದೆ. ಬೆತ್ತ ಹಿಡಿದವನಲ್ಲ, ಗದರಿದವನಲ್ಲ. ಸುಮ್ಮನೆ ಹೋಗಿ ನಿಲ್ಲುತ್ತೇನೆ, ಅಷ್ಟೆ.

ತೊಂದರೆ ಇರುವುದು ನಾಟಕದಲ್ಲಿ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಕುಣಿತವೆಲ್ಲ ಮುಗಿದ ಮೇಲೆ ಮೇಷ್ಟ್ರುಗಳದ್ದೊಂದು ನಾಟಕ ಇರುತ್ತದೆ. ಬರೆಯುವವರು ಕನ್ನಡದ ನಾರಾಯಣಸ್ವಾಮಿ ಮೇಷ್ಟ್ರು. ಅವರ ನಾಟಕದಲ್ಲಿ ಕಥೆ ಬದಲಾಗಬಹುದು, ನನ್ನ ಕೆಲಸ ಬದಲಾಗುವುದಿಲ್ಲ. ನಾನು ಹುಲ್ಲಿನ ಬಣವೆಗೆ ಬೆಂಕಿ ಇಟ್ಟಿದ್ದೇನೆ, ಹಿಪ್ಪುನೇರಳೆ ತೋಟಕ್ಕೆ ದನ ನುಗ್ಗಿಸಿದ್ದೇನೆ, ಹಾಲಿನಲ್ಲಿ ವಿಷ ಬೆರೆಸಿದ್ದೇನೆ. ವಿಷ ಬೆರೆಸುವುದರಲ್ಲಂತೂ ಈ ಭಾಗದಲ್ಲಿ ನನಗೆ ಒಳ್ಳೆಯ ಹೆಸರಿದೆ. ನಾಯಕ ಯಾವಾಗಲೂ ವಿಜ್ಞಾನದ ಪ್ರಭಾಕರ. ಗುಂಗುರು ಕೂದಲು, ಗಲ್ಲದಲ್ಲಿ ಗುಳಿ, ಸುಮ್ಮನೆ ನಿಂತರೂ ಏನೋ ತ್ಯಾಗ ಮಾಡುತ್ತಿರುವವನಂತೆ ಕಾಣುವ ಮುಖ. ಒಮ್ಮೆ ನಾಟಕದ ಮಾರನೆಯ ದಿನ ಸಂತೆಗೆ ಹೋಗಿದ್ದೆ. ಟೊಮ್ಯಾಟೊ ಮಾರುವ ಹೆಂಗಸು ನನ್ನನ್ನು ನೋಡಿದವಳೇ ಕೊಳೆತದ್ದನ್ನೆಲ್ಲ ಪಕ್ಕಕ್ಕೆ ಸರಿಸಿ, ಒಳ್ಳೊಳ್ಳೆಯ ಹಣ್ಣು ಆರಿಸಿ ಚೀಲಕ್ಕೆ ತುಂಬಿ, "ತಕೊಂಡೋಗಿ ಸಾಮಿ, ಮನೇಲಿ ಮಕ್ಕಳವ್ರೆ ನಂಗೆ" ಎಂದಳು.

"ಕೆಟ್ಟವನ ಪಾತ್ರಕ್ಕೆ ಯಾಕೆ ಯಾವಾಗಲೂ ನನ್ನಂಥ ಮುಖವೇ ಬೇಕು?" ಎಂದು ನಾರಾಯಣಸ್ವಾಮಿ ಮೇಷ್ಟ್ರನ್ನು ಒಂದು ದಿನ ಸ್ಟಾಫ್ ರೂಮಿನಲ್ಲಿ ಕೇಳಿಯೇಬಿಟ್ಟೆ. ಅವರು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ನೋಡಿ ಮುನಿರಾಜು, ನಂದು ಒಂದೂಕಾಲು ಗಂಟೆ ನಾಟ್ಕ. ಹಿಂದಿನ ಸಾಲಲ್ಲಿ ಕೂತೋರಿಗೆ ಮಾತು ಕೇಳಿಸಲ್ಲ, ಮಧ್ಯದಲ್ಲಿ ಮಕ್ಕಳು ಅಳ್ತಾವೆ, ಮೈಕು ಕೈಕೊಡತ್ತೆ. ಇವನು ಕೆಟ್ಟೋನು ಅಂತ ವಿವರಿಸ್ತಾ ಕೂರೋಕೆ ನಂಗೆ ಟೈಮೆಲ್ಲಿದೆ? ನೀವು ಬಂದು ನಿಂತ್ರೆ ನಂಗೆ ಎರಡು ದೃಶ್ಯ ಉಳಿಯತ್ತೆ" ಎಂದರು. ನಾನು ಎರಡು ದೃಶ್ಯದಷ್ಟು ಬಾಳುತ್ತೇನೆ ಎಂದು ತಿಳಿದು ಸ್ವಲ್ಪ ಸಂತೋಷವೇ ಆಯಿತು.

ಆದರೂ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನಿಗೆ ಮೊರದಂಥ ಕಿವಿ, ಮೊಳದುದ್ದದ ಉಗುರು, ಕೆಂಡದಂಥ ಕಣ್ಣು. ಅಂಥವನು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾವು ಕಥೆ ಕೇಳಿ ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದೆವು. ರಾಕ್ಷಸ ನೋಡಲು ನಮ್ಮ ಚಿಕ್ಕಪ್ಪನ ಹಾಗಿದ್ದ ಎಂದು ಅಜ್ಜಿ ಹೇಳಿದ್ದರೆ ನಿದ್ದೆ ಎಲ್ಲಿ ಬರುತ್ತಿತ್ತು? ಮುಂದೆ ನನ್ನ ಮಗಳು ಸುಮಾ ಚಿಕ್ಕವಳಿದ್ದಾಗ ಅದೇ ಕಥೆಯನ್ನು ನಾನು ಅವಳಿಗೆ ಹೇಳಿದೆ. ಅವಳು ತದೇಕಚಿತ್ತದಿಂದ ನನ್ನ ಮುಖವನ್ನೇ ನೋಡುತ್ತಿದ್ದು, "ಅವನಿಗೂ ನಿನ್ನಂಗೆ ಒಂದೇ ಹುಬ್ಬಾ ಅಪ್ಪಾ?" ಎಂದು ಕೇಳಿದಳು. ಅಂದಿನಿಂದ ಮನೆಯಲ್ಲಿ ನರಿ ಮತ್ತು ಕಾಗೆಯ ಕಥೆಗಳಷ್ಟೇ ನಡೆದವು. ಆ ಕಾಗೆಯಾದರೂ ಏನು ಪಾಪ ಮಾಡಿತ್ತೋ. ಕಪ್ಪು, ಕುಂಟು, ಮೆಳ್ಳೆಗಣ್ಣು, ಇವನ್ನೆಲ್ಲ ಕಥೆ ಕಟ್ಟುವವರು ಒಂದು ಮೂಟೆ ಮಾಡಿ ಕೆಟ್ಟವರ ಹೆಗಲಿಗೆ ಹೊರಿಸಿದ್ದಾರೆ. ಆ ಮೂಟೆಯನ್ನು ನಿಜವಾಗಿ ಹೊತ್ತುಕೊಂಡು ಓಡಾಡುವವರು ಮಾತ್ರ ಬೇರೆ ಯಾರೋ, ಸಂತೆಯಲ್ಲಿ ತರಕಾರಿ ಕೊಳ್ಳುವ ಸಾಧಾರಣ ಜನ.

ಈ ವರ್ಷ ವಾರ್ಷಿಕೋತ್ಸವ ಹತ್ತಿರ ಬಂದಾಗ ಮನೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸುಮಾ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಸೂಪರ್‌ವೈಸರ್ ಆಗಿರುವ ಹರೀಶ ಎಂಬ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದ್ದಳು. ಮುಳಬಾಗಿಲಿನ ಆಚೆಯ ಹಳ್ಳಿಯ ರೈತರ ಮನೆ. ಅವನ ಅತ್ತೆಯೊಬ್ಬಳನ್ನು ಹೋಳೂರಿಗೆ ಕೊಟ್ಟಿದ್ದರಿಂದ ಅವರೆಲ್ಲ ವಾರ್ಷಿಕೋತ್ಸವಕ್ಕೆ ಅಲ್ಲಿಗೆ ಬರುವವರಿದ್ದರು. ಅದರ ಮುಂದಿನ ಭಾನುವಾರ ನಮ್ಮ ಮನೆಗೆ ಮಾತುಕತೆಗೆ. ನನ್ನ ಹೆಂಡತಿ ಸರೋಜ ರಾಗಿಹಿಟ್ಟು ಜರಡಿ ಹಿಡಿಯುತ್ತಾ ತಲೆಯೆತ್ತದೆ ಹೇಳಿದಳು: "ಬೀಗರಾಗೋರು ಮೊದಲ್ನೇ ಸಲ ನಿಮ್ಮನ್ನ ನೋಡ್ತಾವ್ರೆ. ಇದೊಂದು ಸಲ ದಯವಿಟ್ಟು ಯಾರಿಗೂ ವಿಷ ಹಾಕ್ಬೇಡಿ."

ನಾನು ನಾರಾಯಣಸ್ವಾಮಿ ಮೇಷ್ಟ್ರ ಕಾಲು ಹಿಡಿಯುವುದೊಂದು ಬಾಕಿ. ಅವರು ಯೋಚಿಸಿದರು. ಈ ವರ್ಷದ ನಾಟಕದಲ್ಲಿ ಕೆರೆ ಕಾಯುವ ಒಬ್ಬ ಮುದಿ ನೀರುಗಂಟಿ, ಕೆರೆ ಮುಚ್ಚಿ ಸೈಟು ಮಾಡಲು ಹೊಂಚುವ ಕಾಳಪ್ಪ ಎಂಬ ಕೆಟ್ಟವನು, ಕಾಯಿಲೆ ಬಿದ್ದ ನೀರುಗಂಟಿಗೆ ಆರೈಕೆ ಮಾಡುವ ಸತ್ಯಣ್ಣ ಎಂಬ ಒಳ್ಳೆಯವನು. "ಸರಿ, ನೀವೇ ಸತ್ಯಣ್ಣ ಆಗಿ. ಪ್ರಭಾಕರ ಕಾಳಪ್ಪ ಆಗ್ಲಿ. ಕೆಟ್ಟೋನ ಮುಖ ಚೆನ್ನಾಗಿರ್ಬಾರದು ಅಂತ ಎಲ್ಲಿ ಬರೆದಿದೆ? ಜನಕ್ಕೂ ಸ್ವಲ್ಪ ಬುದ್ಧಿ ಬರ್ಲಿ" ಎಂದರು. ಪ್ರಭಾಕರ ಸಂತೋಷದಿಂದ ಒಪ್ಪಿದ. ಒಳ್ಳೆಯವನಾಗಿ ಒಳ್ಳೆಯವನಾಗಿ ಅವನಿಗೂ ಸಾಕಾಗಿತ್ತಂತೆ. ನಾನು ಎಂಟು ದಿನ ಕನ್ನಡಿಯ ಮುಂದೆ ನಿಂತು ಮೃದುವಾಗಿ ನಗುವುದನ್ನು ಅಭ್ಯಾಸ ಮಾಡಿದೆ. ಸರೋಜ ಅದನ್ನು ನೋಡಿ, "ನಗದೇ ಇದ್ರೇನೆ ವಾಸಿ" ಎಂದಳು.

ವಾರ್ಷಿಕೋತ್ಸವದ ಸಂಜೆ ಹೊತ್ತು ಮುಳುಗುವಾಗ ನಾಟಕ ಶುರುವಾಯಿತು. ಮೊದಲ ಸಾಲಿನ ಕುರ್ಚಿಗಳಲ್ಲಿ ಹರೀಶನ ಅಪ್ಪ, ಅಮ್ಮ, ಅತ್ತೆ, ಅವರ ನಡುವೆ ತಲೆ ತುಂಬ ಬಿಳಿಗೂದಲಿನ ಒಬ್ಬ ಮುದುಕಿ, ಅವನ ಅಜ್ಜಿ, ಅಪ್ಪನ ತಾಯಿ ಅಕ್ಕಯಮ್ಮ. ಹುಡುಗನಿಗೆ ಮಾತ್ರ ಕಾರ್ಖಾನೆಯಲ್ಲಿ ಪಾಳಿ ಇದ್ದುದರಿಂದ ಬಂದಿರಲಿಲ್ಲ. ಪ್ರಭಾಕರ ಬಿಳಿಯ ಪಂಚೆಯುಟ್ಟು ಕಾಳಪ್ಪನಾಗಿ ಬಂದಾಗ ಜನ ಚಪ್ಪಾಳೆ ತಟ್ಟಿದರು. ಅವನು ಕೆರೆಯ ಕಡೆ ಕೈ ತೋರಿಸಿ "ಇದನ್ನೆಲ್ಲ ಮುಚ್ಚಿಸಿಬಿಡ್ತೀನಿ" ಎಂದಾಗ, ಏನೋ ಒಳ್ಳೆಯದಕ್ಕೇ ಹೇಳುತ್ತಿರಬೇಕು ಎಂದು ಮತ್ತೆ ತಟ್ಟಿದರು. ಆಮೇಲೆ ನನ್ನ ದೃಶ್ಯ. ಚಾಪೆಯ ಮೇಲೆ ನೀರುಗಂಟಿಯಾಗಿ ನಾರಾಯಣಸ್ವಾಮಿ ಮೇಷ್ಟ್ರು ನರಳುತ್ತಾ ಮಲಗಿದ್ದರು. ನಾನು ಹಾಲಿನ ಲೋಟ ಹಿಡಿದು ಒಳಗೆ ಬಂದೆ. ಅಭ್ಯಾಸ ಮಾಡಿದ್ದ ನಗುವನ್ನು ನಕ್ಕೆ. "ಕುಡೀರಿ ಯಜಮಾನ್ರೆ, ಎಲ್ಲಾ ನೋವೂ ಹೋಗತ್ತೆ" ಎಂದೆ. ಆ ಮಾತನ್ನು ಬರೆಯುವಾಗ ಮೇಷ್ಟ್ರು ನನ್ನ ದನಿಯಲ್ಲಿ ಅದು ಹೇಗೆ ಕೇಳಿಸೀತು ಎಂದು ಯೋಚಿಸಿರಲಿಲ್ಲ.

ಅಕ್ಕಯಮ್ಮ ಕುರ್ಚಿಯಿಂದ ಎದ್ದು ನಿಂತಳು. "ತಾಗೊದ್ದು ನಾಯನಾ, ತಾಗೊದ್ದು" ಎಂದು ತೆಲುಗಿನಲ್ಲಿ ಕೂಗಿಕೊಂಡಳು. ಹಿಂದಿನ ಸಾಲಿನಿಂದ ಇನ್ನೊಬ್ಬರು ಅದನ್ನೇ ಕನ್ನಡದಲ್ಲಿ, "ಕುಡೀಬೇಡ ಕಣಯ್ಯೋ, ವಿಷ ಹಾಕವ್ನೆ" ಎಂದರು. ಮರುಕ್ಷಣ ಇಡೀ ಮೈದಾನ ಎರಡು ಭಾಷೆಯಲ್ಲೂ ಕೂಗತೊಡಗಿತು. ನನಗೆ ಹೆಚ್ಚು ನೋವಾದದ್ದು ಜನರ ಕೂಗಿನಿಂದಲ್ಲ. ಸ್ವತಃ ನಾಟಕ ಬರೆದ ನಾರಾಯಣಸ್ವಾಮಿ ಮೇಷ್ಟ್ರು ಲೋಟ ಕೈಗೆ ತೆಗೆದುಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, ಲೋಟದೊಳಗೊಮ್ಮೆ ಇಣುಕಿ, ಅದನ್ನು ಮೆಲ್ಲಗೆ ಚಾಪೆಯ ಪಕ್ಕಕ್ಕೆ ಇಟ್ಟುಬಿಟ್ಟರು. ಕೊನೆಯ ದೃಶ್ಯದಲ್ಲಿ ಪೊಲೀಸರು ಬಂದು ಕಾಳಪ್ಪನನ್ನು ಹಿಡಿದಾಗ ಜನ ಒಪ್ಪಲೇ ಇಲ್ಲ. "ಅವನಲ್ಲ ಸಾರ್, ಆ ಕಡೆ ನಿಂತವ್ನೆ ನೋಡಿ, ಅವ್ನು" ಎಂದು ನನ್ನನ್ನು ತೋರಿಸಿದರು.

ಮನೆಗೆ ಬರುವಾಗ ಸರೋಜ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತಳು. ನನಗೆ ಸಂಬಂಧ ಮುರಿಯಿತು ಎಂದೇ ಅನ್ನಿಸಿತ್ತು. ಮನೆ ಸೇರಿದ ಮೇಲೆ ರೇಜರು ಕೈಯಲ್ಲಿ ಹಿಡಿದು, ಹುಬ್ಬನ್ನು ನಡುವೆ ಬೋಳಿಸಿ ಎರಡು ಮಾಡಿಕೊಳ್ಳಲೇ ಎಂದು ಕೇಳಿದಾಗ ಸುಮಾ ನಗಲಿಲ್ಲ. "ನಾನು ಇಷ್ಟು ವರ್ಷ ಆ ಹುಬ್ಬು ನೋಡ್ಕೊಂಡೇ ದೊಡ್ಡೋಳಾಗಿರೋದು ಅಪ್ಪಾ. ಅದನ್ನ ನೋಡಿ ಹೆದರ್ಕೊಳ್ಳೋ ಮನೆ ಆದ್ರೆ ನಂಗೂ ಬೇಡ" ಎಂದು ಒಳಗೆ ಹೋದಳು. ನಾನು ರೇಜರನ್ನು ಅದರ ಜಾಗದಲ್ಲಿಟ್ಟೆ. ಮಗಳ ಮಾತು ಕೇಳಿ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ಹೆದರಿಕೆ. ಬೇಡ ಎಂದು ಹೇಳುವುದು ಸುಲಭ, ಅವಳು ಆ ಹುಡುಗನ ಹೆಸರು ಹೇಳುವಾಗ ಮುಖ ಹೇಗಾಗುತ್ತದೆ ಎಂಬುದನ್ನು ನಾನು ನೋಡಿದ್ದೆ.

ಭಾನುವಾರ ಬೆಳಿಗ್ಗೆ ಅವರು ಬಂದರು. ಹರೀಶ ಹಣ್ಣು ಹೂವು ತರಲು ದಾರಿಯಲ್ಲಿ ಇಳಿದಿದ್ದನಂತೆ. ಒಳಗೆ ಬರುತ್ತಿದ್ದ ಅಕ್ಕಯಮ್ಮ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಸರೋಜ ಬೇಕೆಂದೇ ಕಾಫಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟಿದ್ದಳು. ಇದು ಇಂದೇ ಇತ್ಯರ್ಥವಾಗಲಿ ಎಂಬುದು ಅವಳ ಲೆಕ್ಕ. ಮುದುಕಿ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಅರ್ಧ ಕುಡಿದು, "ಸಕ್ಕರೆ ಕಮ್ಮಿ ಐತೆ" ಎಂದಳು.

ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮಾ, ಮೊನ್ನೆ ಹಾಲು ಕುಡೀಬೇಡ ಅಂತ ಯಾಕೆ ಕೂಗಿದ್ರಿ? ಸತ್ಯಣ್ಣ ಒಳ್ಳೇವನು ಅಂತ ಮೊದಲೇ ಮೈಕಲ್ಲಿ ಹೇಳಿದ್ರಲ್ಲಾ" ಎಂದೆ.

ಅಕ್ಕಯಮ್ಮ ಲೋಟವನ್ನು ಕೆಳಗಿಟ್ಟಳು. "ಹೇಳಿದ್ರು ನಾಯನಾ. ಹೇಳೋದನ್ನ ನಂಬಿದ್ದು ಸಾಕಾಗೈತೆ ನಂಗೆ. ನನ್ನ ಯಜಮಾನ ಎಂಗಿದ್ದ ಗೊತ್ತಾ? ಕ್ಯಾಲೆಂಡರ್ ದೇವ್ರು ಇದ್ದಂಗಿದ್ದ. ಮದುವೆ ದಿನ ನಾಕು ಊರಿನ ಹೆಂಗಸರು ನನ್ನ ನೋಡಿ ಹೊಟ್ಟೆ ಉರ್ಕೊಂಡ್ರು. ಮುಖ ಎಲ್ಲಾರ್ಗೂ ಕಾಣಿಸ್ತು, ಹೊಡ್ಯೋ ಕೈ ಯಾರ್ಗೂ ಕಾಣಿಸ್ಲಿಲ್ಲ. ನಂಗೆ ಯಾರೂ ಎದ್ದು ನಿಂತು ಬೇಡ ಕಣೇ ಅಂತ ಕೂಗ್ಲಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿಜದಾಗೆ ಗೊತ್ತಾಗಲ್ಲ ಬಿಡು. ನಾಟ್ಕದಾಗಾದ್ರೂ ಮುಖ ನೋಡಿದ್ ತಕ್ಷಣ ತಿಳೀಬೇಕಲ್ಲಪ್ಪಾ" ಎಂದಳು. ಹರೀಶನ ಅಪ್ಪ ನೆಲ ನೋಡುತ್ತಿದ್ದರು. ಅವರಿಗೆ ಅದು ಹೊಸ ಮಾತಾಗಿರಲಿಲ್ಲ ಎಂಬುದು ಅವರು ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ನಾನು ಇಷ್ಟು ವರ್ಷ ಕೇಳಿಕೊಂಡ ಪ್ರಶ್ನೆಯಲ್ಲಿ ನನ್ನ ಮುಖವೊಂದೇ ಇತ್ತು. ನೋಡಿದಾಕ್ಷಣ ಗುರುತು ಸಿಗುವ ಕೆಟ್ಟತನ ಯಾರಿಗೋ ಒಂದು ಆಸೆಯಾಗಿರಬಹುದು ಎಂದು ಹೊಳೆದಿರಲಿಲ್ಲ. ಒಂದೂಕಾಲು ಗಂಟೆ ಮಟ್ಟಿಗಾದರೂ ಹುಲಿ ಹುಲಿಯ ಹಾಗೆ, ಹಸು ಹಸುವಿನ ಹಾಗೆ ಕಾಣುವ ಒಂದು ಲೋಕ ಸಿಕ್ಕಲಿ ಎಂದು ಆ ಮುದುಕಿ ಮೊದಲ ಸಾಲಿನಲ್ಲಿ ಕುಳಿತಿದ್ದಳು. ನಾವು ಬುದ್ಧಿ ಕಲಿಸಲು ಹೋಗಿ ಅದನ್ನೂ ಕಸಿದುಕೊಂಡೆವೇನೋ. ಹಾಗೆಂದು ನನ್ನ ಹುಬ್ಬಿನ ತಪ್ಪೇನು ಎಂಬುದಕ್ಕೂ ಉತ್ತರ ಸಿಕ್ಕಲಿಲ್ಲ. ಎರಡೂ ನಿಜ ಎಂದು ಸುಮ್ಮನಾದೆ. ಲೆಕ್ಕದ ಮೇಷ್ಟ್ರಿಗೆ ಅದು ಸುಲಭವಲ್ಲ.

ಅಷ್ಟರಲ್ಲಿ ಹರೀಶ ಹೂವಿನ ಪೊಟ್ಟಣ ಹಿಡಿದು ಒಳಗೆ ಬಂದ. ನಾನು ಅವನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಎತ್ತರದ ನಿಲುವು, ತಿದ್ದಿದಂಥ ಮೂಗು, ಹೊಳೆಯುವ ಕಣ್ಣು. ಪ್ರಭಾಕರ ಪಕ್ಕದಲ್ಲಿ ನಿಂತಿದ್ದರೆ ಸಪ್ಪೆಯಾಗುತ್ತಿದ್ದ. ಸರೋಜ ಖುಷಿಯಿಂದ, "ಯಾರ ಹೋಲಿಕೆ ಇವ್ರದ್ದು?" ಎಂದು ಕೇಳಿದಳು. ಅವನ ಅಪ್ಪ ಸ್ವಲ್ಪ ತಡೆದು, "ನಮ್ಮಪ್ಪನ್ನೇ ನೋಡ್ದಂಗೆ" ಎಂದರು.

ಮುಖ ನೋಡಿ ಮನುಷ್ಯರನ್ನು ಅಳೆಯಬಾರದು ಎಂದು ಜೀವಮಾನವಿಡೀ ವಾದಿಸಿದ ನಾನು, ಆ ಹುಡುಗನ ಮುಖದ ಮೇಲೆ ಎಲ್ಲಾದರೂ ಒಂದು ಕೊರತೆ ಸಿಕ್ಕೀತೇ ಎಂದು ಕಣ್ಣಿನಲ್ಲೇ ತಡಕತೊಡಗಿದೆ. ಕೇಳಬಾರದ್ದನ್ನೆಲ್ಲ ಕೇಳಿದೆ. ಕೋಪ ಬಂದರೆ ಏನು ಮಾಡುತ್ತೀಯ ಎಂದೆ. ಅವನು ಪಾಪ, ನನ್ನ ಕೆಂಪು ಕಣ್ಣು ನೋಡಿ ಬೆವರುತ್ತಾ ಸುಮಾಳ ಕಡೆ ತಿರುಗಿದ. ಸುಮಾ, "ಕೋಪ ಬಂದ್ರೆ ಊಟ ಬಿಡ್ತಾನೆ, ಅರ್ಧ ಗಂಟೆಗೆ ಹಸಿವಾಗತ್ತೆ" ಎಂದಳು. ಅವನು ನಾಚಿಕೊಂಡು ನಕ್ಕ. ಆಗ ಕಾಣಿಸಿತು. ಮೇಲಿನ ಸಾಲಿನ ಒಂದು ಹಲ್ಲು ಉಳಿದವುಗಳ ಮಾತು ಕೇಳದೆ ಅಡ್ಡಡ್ಡ ಹೊರಗೆ ಬಂದಿತ್ತು. "ಆ ಹಲ್ಲು ಮಾತ್ರ ನಂದು" ಎಂದು ಅಕ್ಕಯಮ್ಮ ಬಾಯಿ ತೆರೆದು ತನ್ನದನ್ನೂ ತೋರಿಸಿದಳು. ನನ್ನ ಮೈಯೆಲ್ಲ ಹಗುರಾಯಿತು. ಅಲ್ಲೇ ಮದುವೆಗೆ ಒಪ್ಪಿಗೆ ಕೊಟ್ಟೆ. ನನ್ನ ಒಪ್ಪಿಗೆಗೆ ಅಲ್ಲಿ ಯಾರೂ ಕಾಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಸರೋಜ ಲೋಟಗಳನ್ನು ತೊಳೆಯುತ್ತಾ, "ಹುಡುಗ ಚಿನ್ನ. ಆ ಹಲ್ಲೊಂದಕ್ಕೆ ಕ್ಲಿಪ್ ಹಾಕ್ಸಿದ್ರೆ ಮದುವೆ ಫೋಟೋಗೆ ಸರಿಹೋಗತ್ತೆ, ಹೇಳಿ ನೋಡ್ಲಾ?" ಎಂದಳು.

"ಆ ಹಲ್ಲಿನ ತಂಟೆಗೆ ಯಾರೂ ಹೋಗಕೂಡದು" ಎಂದೆ.