ಮಾವನ ಕೆಂಪು ವೈನಿಗೆ ತಕ್ಕ ಜೋಡಿ

ಕಾಶಿಯಿಂದ ಊರಿಗೆ ಗಂಗಾಜಲದ ಸೀಸೆ ತುಂಬಿಕೊಂಡು ಹೋಗುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಊರಿನಿಂದ ಕಾಶಿಗೆ ಸೀಸೆ ತರಿಸುವ ಮಹಾನುಭಾವರನ್ನು ನೋಡಿದ್ದೀರಾ? ಬನ್ನಿ, ಹನುಮಾನ್ ಘಾಟಿನ ಗಲ್ಲಿಯಲ್ಲಿರುವ ನಮ್ಮ ಸೋದರಮಾವನನ್ನು ತೋರಿಸುತ್ತೇನೆ! ವಿಜಯಪುರದಿಂದ ಯಾತ್ರೆಗೆ ಬರುವ ನೆಂಟರಿಗೆಲ್ಲ ಅವರದು ಒಂದೇ ಬೇಡಿಕೆ: ನಮ್ಮ ಕಡೆಯ ದ್ರಾಕ್ಷಿಯ ಕೆಂಪು ವೈನು. ಪಾಪ, ಆ ನೆಂಟರು ಮಡಿಪಂಚೆಯಲ್ಲಿ ಬಾಟಲಿ ಸುತ್ತಿಟ್ಟುಕೊಂಡು ದಾರಿಯುದ್ದಕ್ಕೂ ರಾಮಜಪ ಮಾಡುತ್ತಾ ಬರುತ್ತಾರೆ.

ಹಾಗಂತ ಮಾವ ಕುಡುಕರಲ್ಲ. ಎರಡು ಚಮಚಕ್ಕೇ ಅವರ ಕಿವಿ ಕೆಂಪಾಗುತ್ತದೆ! ಅವರಿಗೆ ಬೇಕಾಗಿರುವುದು ಅದರ ವಾಸನೆ, ಅದೂ ಅತ್ತೆಗಾಗಿ. ಹೋದ ವರ್ಷ ಬಂದ ಜ್ವರ ಹೋಗುವಾಗ ಅತ್ತೆಯ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಅಂದಿನಿಂದ ಅವರಿಗೆ ಊಟವೆಂದರೆ ರದ್ದಿ ಕಾಗದ. ಎರಡು ತುತ್ತಿಗೆ ಕೈ ತೊಳೆಯುತ್ತಾರೆ. ಸೀರೆ ಸಡಿಲವಾಗುತ್ತಿರುವುದು ನನಗೇ ಕಾಣುತ್ತದೆ, ಮಾವನಿಗೆ ಕಾಣದೇ? ದಿನಾ ಬಗೆಬಗೆಯ ವಾಸನೆ ತೋರಿಸಿ ಎಂದು ಡಾಕ್ಟರು ಹೇಳಿದ್ದೇ ತಡ, ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮಾವನಿಗೆ ಕುಡಿಯದೆಯೇ ವೈನು ತಲೆಗೇರಿತು!

"ನೇರಳೆ ಹಣ್ಣು, ಕರಿಮೆಣಸು, ಎಲ್ಲಾ ಇದರಾಗ ಅದ. ಮೂಸಿ ನೋಡು," ಎಂದು ಮಾವ ಗ್ಲಾಸು ಹಿಡಿಯುತ್ತಾರೆ. "ಏನು ಬಂತು?"

"ನಿಮ್ಮ ಮೀಸಿ ಬಂತು. ಗ್ಲಾಸಿನಾಗ ಬೀಳ್ತದ, ಹಿಂದ ಸರೀರಿ," ಎನ್ನುತ್ತಾರೆ ಅತ್ತೆ.

ವೈನೊಂದೇ ಸಾಲದು, ತಕ್ಕ ತಿನಿಸೂ ಜೊತೆಗಿದ್ದರೆ ಮೂಗು ಎಚ್ಚರಾಗುತ್ತದೆ ಎಂಬುದು ಮಾವನ ಮುಂದಿನ ಸಿದ್ಧಾಂತ. ಶುರುವಾಯಿತು ನೋಡಿ ವರಾನ್ವೇಷಣೆ! ಟಮಾಟರ್ ಚಾಟ್ ಬಂತು. ಅದರ ಹುಳಿಗೂ ವೈನಿನ ಒಗರಿಗೂ ಜಗಳ ಹತ್ತಿತು. ಚಳಿಗಾಲದ ಹಾಲುನೊರೆ ಮಲೈಯೋ ಬಂತು. ಕೂಸಿನ ಎದುರು ಪೈಲ್ವಾನ ನಿಂತಂತಾಯಿತು. ಸುಟ್ಟ ಬದನೆಯ ಚೋಖಾ ತಂದ ದಿನ ಮಾತ್ರ ಮಾವ ಕಣ್ಣು ಮುಚ್ಚಿ ತಲೆದೂಗಿದರು.

"ಅಳಿಯಾ, ಸಿಕ್ತು! ಈ ವೈನು ಮೈಕೈ ತುಂಬಿಕೊಂಡಿದ್ದು. ಇದಕ್ಕ ಎಣ್ಣಿ, ಖಾರ, ಬದನಿಕಾಯಿ ಬೇಕು. ಅಂದ್ರ ನಮ್ಮ ಎಣಗಾಯಿ!"

"ಎರಡೂ ವಿಜಯಪುರದವೇ ಆದವಲ್ಲ ಮಾವ, ಸಗೋತ್ರ ಆಗೋದಿಲ್ಲೇನು?"

"ಲವ್ ಮ್ಯಾರೇಜ್! ಸುಮ್ನಿರು!"

ಹೋದ ಭಾನುವಾರ ಮಾವ ತಾವೇ ಒಲೆ ಹಚ್ಚಿ ಎಣ್ಣೆಗಾಯಿಗೆ ಇಟ್ಟರು. ಅತ್ತೆ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಮಾವ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೆ ಉಪನ್ಯಾಸ ಶುರುಮಾಡಿದರು. ಬಣ್ಣದ ಅಧ್ಯಾಯ ಮುಗಿದು ಪರಿಮಳದ ಅಧ್ಯಾಯ ಬರುವಷ್ಟರಲ್ಲಿ ಇಬ್ಬರ ಮೂಗೂ ಗ್ಲಾಸಿನೊಳಗಿತ್ತು. ಒಲೆಯ ನೆನಪು ಯಾರಿಗಿದೆ?

"ಏನ್ರೀ! ಬದನಿಕಾಯಿ ಹೊತ್ಲಿಕ್ಕತ್ತದ! ನಿಮಗ್ಯಾರಿಗೂ ಮೂಗಿಲ್ಲೇನು?"

ಅತ್ತೆ ಕೂಗುತ್ತಾ ಓಡಿ ಬಂದವರು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ತಾವೇನು ಹೇಳಿದೆವೆಂದು ಅವರಿಗೆ ಆಗ ಹೊಳೆಯಿತು. ಮೆಲ್ಲನೆ ಇನ್ನೊಮ್ಮೆ ಉಸಿರೆಳೆದುಕೊಂಡರು. ನಾನು ಒಲೆ ಆರಿಸಲು ಎದ್ದೆ. ಮಾವ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಇರಲಿ ಬಿಡೋ," ಎಂದರು. "ಇನ್ನೊಂದೀಟು ಹೊತ್ಲಿ."