ಎಲ್‌ಎಲ್‌.ಬಿ. ತರಗತಿಯಲ್ಲಿ ನಮ್ಮತ್ತೆ

ನಮ್ಮ ಮನೆಯ ಬೆಕ್ಕು ಇಲ್ಲಿಯವರೆಗೆ ಎರಡು ಸಲ ಜಾಮೀನಿನ ಮೇಲೆ ಬಿಡುಗಡೆಯಾಗಿದೆ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಜಾಮೀನು ಕೊಡಿಸಿದವರು ನಮ್ಮ ಸೋದರತ್ತೆ, ಅಪ್ಪನ ಅಕ್ಕ.

ಮೊದಲ ಸಲ ಅಮ್ಮ ಪೊರಕೆ ಹಿಡಿದು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ಹಾಲು ಕುಡಿಯೋದನ್ನ ನೀ ಕಣ್ಣಿಲೆ ನೋಡೀಯೇನು?"

"ಮೀಸಿಗೆ ಹಾಲು ಹತ್ತೈತಲ್ರೀ ಅಕ್ಕಾರ!"

"ಅದು ಸಾಂದರ್ಭಿಕ ಸಾಕ್ಷ್ಯ. ನೀ ಪಾತ್ರಿ ಮುಚ್ಚಿದ್ದೇನು?"

ಅಮ್ಮ ಪೊರಕೆ ಕೆಳಗಿಟ್ಟಳು. ಬೆಕ್ಕು ಆ ಕ್ಷಣವೇ ಬಿಡುಗಡೆಯಾಯಿತು. ಅಮ್ಮನ ವಿಚಾರಣೆ ಮಾತ್ರ ಊಟದ ಹೊತ್ತಿನವರೆಗೂ ನಡೆಯಿತು!

ಅತ್ತೆಗೆ ಐವತ್ತಾರು ವರ್ಷ. ದೋಣಿಮಲೈ ಕಡೆಯ ಗಣಿ ಕಾಲೊನಿಯೊಂದರ ಶಾಲೆಯಲ್ಲಿ ಆಯಾ ಆಗಿದ್ದವರು. ಅಕ್ಷರ ಕಲಿತದ್ದು ಕೂಡ ಅಲ್ಲೇ, ಒಂದನೇ ತರಗತಿಯ ಮಕ್ಕಳ ಹಿಂದೆ ಗೋಡೆಗೆ ಒರಗಿ ಕುಳಿತು. ಮಕ್ಕಳು ಎರಡನೇ ತರಗತಿಗೆ ಹೋದಾಗ ಅತ್ತೆಯೂ ಬೆಂಚು ಒರೆಸುವ ನೆಪದಲ್ಲಿ ಎರಡನೇ ತರಗತಿಗೆ ಹೋದರು. ಹೀಗೆ ಒರೆಸುತ್ತ ಒರೆಸುತ್ತ ಎಸ್ಸೆಸ್ಸೆಲ್ಸಿ ಮುಟ್ಟಿದರು, ಪಿಯುಸಿ ದಾಟಿದರು, ಬಿ.ಎ. ಮುಗಿಸಿದರು. ಕೆಲಸ ಬಿಟ್ಟು ಹೊಸಪೇಟೆಯ ನಮ್ಮ ಮನೆಗೆ ಬಂದಾಗ, ಇನ್ನು ಆರಾಮಾಗಿ ಟಿವಿ ನೋಡಿಕೊಂಡಿರುತ್ತಾರೆ ಅಂದುಕೊಂಡೆವು. ನಾನು ಬಿ.ಎ. ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಅರ್ಜಿ ತರಲು ಹೊರಟಾಗ ಅತ್ತೆ ಚಪ್ಪಲಿ ಮೆಟ್ಟುತ್ತ, "ಎರಡು ಅರ್ಜಿ ತಗೊಳ್ಳೋಣ ನಡಿ" ಅಂದರು.

ಸ್ವಂತ ಅತ್ತೆ ಸ್ವಂತ ತರಗತಿಯಲ್ಲಿ! ಶತ್ರುವಿಗೂ ಬೇಡ, ಅಲ್ಲವೇ?

ಮೊದಲ ದಿನ ಇಳಕಲ್ ಸೀರೆ, ಕನ್ನಡಕ, ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ಅತ್ತೆ ಒಳಗೆ ಬಂದರು. ಹೊಸ ಮೇಡಂ ಬಂದರೆಂದು ಇಡೀ ತರಗತಿ ಎದ್ದು ನಿಂತಿತು. ತಮ್ಮ ಹಿಂದೆ ಯಾರೋ ದೊಡ್ಡವರು ಬರುತ್ತಿದ್ದಾರೆಂದು ಅತ್ತೆ ಗಾಬರಿಯಿಂದ ಪಕ್ಕಕ್ಕೆ ಸರಿದು, ಬಾಗಿಲ ಕಡೆ ತಿರುಗಿ ಕೈ ಮುಗಿದರು. ನಿಜವಾದ ಮೇಷ್ಟ್ರು ಬಂದಾಗ ಅರವತ್ತು ಮಂದಿ ನಿಂತಿದ್ದರು, ಒಬ್ಬರು ಕೈ ಮುಗಿದಿದ್ದರು. ಅಷ್ಟು ಗೌರವ ಆ ಮನುಷ್ಯನಿಗೆ ಆಮೇಲೆ ಎಂದೂ ಸಿಗಲಿಲ್ಲ!

ಅದಕ್ಕೆ ಕಾರಣವೂ ಅತ್ತೆಯೇ. ಅವರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಕಳ್ಳತನದ ಪಾಠ ನಡೆಯುತ್ತಿತ್ತು. ವಸ್ತುವನ್ನು ಎತ್ತಿದರೆ ಸಾಲದು, ಅಪ್ರಾಮಾಣಿಕ ಉದ್ದೇಶವೂ ಇರಬೇಕು ಎಂದು ಮೇಷ್ಟ್ರು ವಿವರಿಸಿದರು. ಅತ್ತೆಯ ಕೈ ಮೇಲೆದ್ದಿತು.

"ಸರ, ನಮ್ಮ ಎಮ್ಮಿ ಮಂದಿ ಹೊಲದಾಗಿನ ಕಬ್ಬು ಮೇದ್ರ?"

"ಪ್ರಾಣಿಗೆ ಅಪರಾಧದ ಉದ್ದೇಶ ಇರೋದಿಲ್ಲಮ್ಮ."

"ಯಾಕಿಲ್ರೀ ಸರ? ಯಾರೂ ಇಲ್ಲದಾಗ ಬೇಲಿ ಹಾರ್ತೈತಿ. ನಾವು ಹೋದ್ರ ಬಾಯಿ ಆಡಿಸೋದು ನಿಲ್ಲಿಸಿ, ಗುಡ್ಡದ ಕಡೆ ನೋಡ್ಕೋತ ನಿಂದರ್ತೈತಿ. ಉದ್ದೇಶ ಇಲ್ಲಂದ್ರ ಹಂಗ ಮಾಡ್ತೈತೇನು?"

ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕಿಟಕಿಯ ಹೊರಗೆ ನೋಡುತ್ತ ನಿಂತರು. ಥೇಟು ಆ ಎಮ್ಮೆಯ ಹಾಗೆಯೇ!

ತರಗತಿಯ ಹೊರಗಾದರೂ ಬಿಡುವಿತ್ತೇ? ಬಸ್ಸಿನಲ್ಲಿ ಟಿಕೆಟ್ ಕೈಗೆ ಬಂದ ಕೂಡಲೇ ಕಂಡಕ್ಟರನಿಗೆ ಪ್ರಶ್ನೆ: "ಟಿಕೀಟು ಅಂದ್ರ ಒಪ್ಪಂದ ಅಲ್ರೀ? ಸೀಟು ಕೊಡಲಿಲ್ಲಂದ್ರ ಒಪ್ಪಂದ ಮುರಿದಂಗ ಆಗ್ತೈತೋ ಇಲ್ಲೋ?" ಆತ ನನ್ನ ಮುಖ ನೋಡಿದ. ನಾನು ಯಾರೋ ಪರಿಚಯವಿಲ್ಲದವಳ ಹಾಗೆ ಮುಖ ತಿರುಗಿಸಿದೆ.

ಕಂಪ್ಲಿಯಿಂದ ನನ್ನ ಸೋದರಮಾವ, ಅಮ್ಮನ ಅಣ್ಣ, ಬಂದಾಗ ಎಲ್ಲರೂ ಹಂಪಿಗೆ ಹೋದೆವು. ಬೀಗರು ಬಂದಾಗಲೆಲ್ಲ ಹಂಪಿ ತೋರಿಸುವುದು ನಮ್ಮ ಊರಿನವರ ಕರ್ಮ. ಒಂದು ಹಾಳು ಮಂಟಪದ ಕಂಬದ ಮೇಲೆ ಯಾರೋ ಮೊಳೆಯಿಂದ ಹೆಸರು ಕೆತ್ತಿದ್ದು ಅತ್ತೆಯ ಕಣ್ಣಿಗೆ ಬಿತ್ತು. ಮುಗಿಯಿತು! ಅದು ಕೂಡಲೇ ಅಪರಾಧ ನಡೆದ ಸ್ಥಳವಾಯಿತು. ಅತ್ತೆ ಗೇಣು ಹಾಕಿ ಅಕ್ಷರದ ಎತ್ತರ ಅಳೆದರು. "ಬರದಾಂವ ಕುಳ್ಳ. ಎಡಚ. ಕಾಗುಣಿತ ಬರಂಗಿಲ್ಲ" ಎಂದು ನೋಟ್‌ಪುಸ್ತಕದಲ್ಲಿ ಷರಾ ಬರೆದುಕೊಂಡರು. ಒಂದೊಂದೇ ಕಂಬ ತಪಾಸಣೆ ಮಾಡುತ್ತ ಮುಂದೆ ಹೋದರೆ, ಸೋದರಮಾವ ಮೂಲೆಯ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದಾರೆ. ಬನ್ನಿ ಎಂದರೂ ಬರಲೊಲ್ಲರು, ನೀರು ಕೊಟ್ಟರೂ ಅಲ್ಲೇ ನಿಂತು ಕುಡಿಯುತ್ತಾರೆ.

"ಬೀಗರ, ಸ್ವಲ್ಪ ಸರೀರಿ."

"ಬ್ಯಾಡ್ರಿ, ಇಲ್ಲಿ ತಂಪೈತಿ."

"ಸರೀರಿ ಅಂದ್ರ!"

ಸರಿದರು. ಕಂಬದ ಮೇಲೆ ಸೋದರಮಾವನ ಹೆಸರು, ಪಕ್ಕದಲ್ಲಿ ಅವರ ಹೆಂಡತಿಯದಲ್ಲದ ಇನ್ನೊಂದು ಹೆಸರು!

"ಅವಾಗ ನನಗ ಹದಿನಾರು ವರ್ಷ ರೀ..." ಎಂದು ಅವರು ತೊದಲಿದರು. ಅತ್ತೆ ಪುಸ್ತಕ ಮುಚ್ಚಿದರು.

"ಹಂಗಾರ ಬಾಲಾಪರಾಧಿ. ಹೆಸರು ಬಹಿರಂಗ ಮಾಡಂಗಿಲ್ಲ."

ಮಾಡಲಿಲ್ಲ ಕೂಡ. ಸೋದರಮಾವನ ಸಂಸಾರ ಇವತ್ತಿಗೂ ಉಳಿದಿರುವುದು ಕಾನೂನಿನಿಂದಲೇ.

ಎರಡನೆಯ ವರ್ಷ ಕಾಲೇಜಿನಿಂದ ಮಲಪನಗುಡಿಯಲ್ಲಿ ಕಾನೂನು ನೆರವಿನ ಶಿಬಿರ ಹಾಕಿದ್ದರು. ಜನ ಬಂದು ತಮ್ಮ ತೊಂದರೆ ಹೇಳಬೇಕು, ನಾವು ಅರ್ಜಿ ಬರೆದುಕೊಡಬೇಕು. ನನ್ನ ಮುಂದೆ ಒಬ್ಬ ಹೆಣ್ಣುಮಗಳು ಕುಳಿತಳು. ಕೂಲಿಗೆ ಹೋದಾಗ ಅವಳ ಹೊಲಿಗೆ ಯಂತ್ರ ಕಳುವಾಗಿತ್ತು. ಪೊಲೀಸರಿಗೆ ಕೊಡಲು ದೂರು ಬೇಕಿತ್ತು. ನಾನು ಚಕಚಕನೆ ಬರೆದು, ಹೆಬ್ಬೆಟ್ಟು ಒತ್ತಲೆಂದು ಇಂಕಿನ ಡಬ್ಬಿ ಅವಳ ಕಡೆ ಸರಿಸಿದೆ. ಪಕ್ಕದಲ್ಲಿದ್ದ ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು.

"ಓದಿ ಹೇಳಿದಿಯೇನು?"

"ಆಕಿ ಹೇಳಿದ್ದನ್ನ ಬರದೀನಿ ಅತ್ತಿ."

ಅತ್ತೆ ಹಾಳೆ ಕಸಿದುಕೊಂಡು ತಾವೇ ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದರು. ಮೂರನೆಯ ಸಾಲಿಗೆ ಆ ಹೆಣ್ಣುಮಗಳು ತಲೆಯೆತ್ತಿದಳು.

"ಬಾಗಿಲ ತೆರದಿತ್ತು ಅಂದಿಲ್ರೀ ಅಮ್ಮಾರ. ಬೀಗ ಹಾಕಿದ್ದೆ, ಚಿಲಕ ಕಿತ್ತಿತ್ತು ಅಂದೆ."

ಬೇರೆ ಹಾಳೆ ತೆಗೆದು ಮತ್ತೆ ಬರೆದೆ.

ಸಂಜೆ ಬಸ್ಸಿಗಾಗಿ ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದೆವು. ಅತ್ತೆ ಏನೂ ಕೇಳಲಿಲ್ಲ. ಒಂದು ಪ್ರಶ್ನೆಯೂ ಇಲ್ಲ! ನನಗೆ ಹೆದರಿಕೆಯಾಯಿತು.

"ಸಿಟ್ಟಾಗೀರೇನು ಅತ್ತಿ?"

"ಇಲ್ಲವ್ವ" ಅಂದರು. ಆಮೇಲೆ ಅವರೇ ಮಾತು ತೆಗೆದರು. "ನಮ್ಮ ಮನಿಯವ್ರು ಲಾರಿಗೆ ಸಿಕ್ಕಾಗ ಪೊಲೀಸ್ರು ಒಂದು ಕಾಗದ ತಂದು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಏನು ಬರದೀರಿ ಅಂತ ಕೇಳಾಕ ನನಗ ಬಾಯಿ ಬರಲಿಲ್ಲ. ಓದಾಕ ಕಲ್ತ ಮ್ಯಾಲೆ ಹೋಗಿ ಅದರ ನಕಲು ತಗಸಿದೆ. 'ನನ್ನ ಗಂಡ ಕುಡಿದು ರಸ್ತೆ ನಡುವ ಬಂದ' ಅಂತ ಐತಿ. ನಾನ ಹೇಳಿದ್ದು ಅಂತ ಐತಿ. ನಿನ್ನ ಮಾವ ಒಂದು ದಿನ ಕುಡಿದಾಂವ ಅಲ್ಲ."

ಅತ್ತೆಯ ಗಂಡ ಯಶವಂತನಗರದ ಹತ್ತಿರ ಅದಿರಿನ ಲಾರಿಗೆ ಸಿಕ್ಕು ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಚೀಲದಿಂದ ಒಂದು ಬಿಳಿ ಹಾಳೆ ತೆಗೆದೆ.

"ಅವತ್ತು ಏನಾತು ಹೇಳ್ರಿ ಅತ್ತಿ. ನಾ ಬರಕೋತೀನಿ."

ಅದಕ್ಕೆ ಯಾವ ಕೋರ್ಟಿನಲ್ಲೂ ಬೆಲೆಯಿಲ್ಲ ಎಂದು ನನಗೂ ಗೊತ್ತಿತ್ತು, ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಆದರೂ ಹೇಳಿದರು. ಮುಂಜಾನೆ ಎರಡು ರೊಟ್ಟಿ, ಪುಂಡಿಪಲ್ಯ ಉಂಡು ಹೋದದ್ದು. ಹೊಸ ಅಂಗಿ ಹಾಕಿಕೊಂಡದ್ದು. ತಿರುವಿನಲ್ಲಿ ನಿಂತು ಕೈ ಎತ್ತಿದ್ದು. ಯಾವಾಗಲೂ ಹೋಗುವ ಹಾಗೆ ರಸ್ತೆ ಬಿಟ್ಟು ಮಣ್ಣಿನ ಅಂಚಿನಲ್ಲೇ ಹೋದದ್ದು. ಒಂದು ಬಸ್ಸು ಬಂತು, ನಾವು ಏಳಲಿಲ್ಲ. ಬರೆದು ಮುಗಿಸಿ ಮೊದಲ ಸಾಲಿನಿಂದ ಓದಿ ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿಸಿಕೊಂಡರು.

"ಒಂದು ತಪ್ಪೈತಿ" ಅಂದರು. "ಅಂಗಿ ನೀಲಿ ಅಲ್ಲ. ಹಸರು."

ತಿದ್ದಿದೆ. ಅತ್ತೆ ಪೆನ್ನು ತೆಗೆದುಕೊಂಡು, ಹಾಳೆಯನ್ನು ತೊಡೆಯ ಮೇಲೆ ಸರಿಯಾಗಿ ಹರವಿಕೊಂಡು, ಗಂಡನ ಹೆಸರನ್ನೂ ಸೇರಿಸಿ ತಮ್ಮ ಪೂರ್ತಿ ಹೆಸರಿನ ಸಹಿ ಹಾಕಿದರು.